ಮೇ ತಿಂಗಳಲ್ಲೇ ರಕ್ತ ತೆಗೆಯುವುದು ಯಾಕೆ?

ನಾನು ಲ್ಯಾಬ್ ಟೆಕ್ನಿಷಿಯನ್. ಹಾವೇರಿ ಜಿಲ್ಲೆಯ ಮೆಣಸಿನಕಾಯಿ ಸೀಮೆಯಲ್ಲಿ ಕೆಲಸ. ಹೊಲದಲ್ಲಿ ಕೀಟನಾಶಕ ಹೊಡೆಯುವವರ ರಕ್ತದಲ್ಲಿ ಕೋಲಿನೆಸ್ಟರೇಸ್ ಎಂಬ ಕಿಣ್ವದ ಮಟ್ಟ ನೋಡಲು ಶುರು ಮಾಡಿದ ವರ್ಷ ದೊಡ್ಡ ತಪ್ಪು ಮಾಡಿದೆ. ಸೀಜನ್ ನಡುವೆ ಒಬ್ಬರ ರಕ್ತ ನೋಡಿದೆ. ಅಂಕಿ ಮಾಮೂಲು ಮಿತಿಯೊಳಗೇ ಇತ್ತು. "ಏನೂ ತೊಂದರೆ ಇಲ್ಲ ಅಣ್ಣಾ" ಎಂದೆ. "ಹಂಗಾದ್ರ ತಲಿ ಯಾಕ ಸಿಡಿತೈತ್ರೀ?" ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನರದಿಂದ ಸಂದೇಶ ದಾಟಿಸುವ ಅಸಿಟೈಲ್‌ಕೋಲಿನ್ ಅನ್ನು ಒಡೆದು ಹಾಕುವುದು ಈ ಕಿಣ್ವದ ಕೆಲಸ. ಮೋನೋಕ್ರೋಟೋಫಾಸ್, ಕ್ಲೋರ್‌ಪೈರಿಫಾಸ್‌ನಂಥ ಔಷಧಿಗಳು ಅದನ್ನೇ ಕಟ್ಟಿಹಾಕುತ್ತವೆ. ಆದರೆ ಒಬ್ಬೊಬ್ಬರಿಗೆ ಒಂದೊಂದು ಮಟ್ಟ. ಮೊದಲೇ ಜಾಸ್ತಿ ಇದ್ದವರು ಮೂರರಲ್ಲೊಂದು ಪಾಲು ಕಳೆದುಕೊಂಡರೂ ರಿಪೋರ್ಟ್ ಸರಿ ಎಂದೇ ತೋರಿಸಬಹುದು.

ಅದಕ್ಕೇ ಈಗ ಸೀಜನ್‌ಗೆ ಮುಂಚೆ, ಮೇ ತಿಂಗಳಲ್ಲೇ ಮೊದಲ ಸಲ ರಕ್ತ ತೆಗೆಯುತ್ತೇನೆ. ಕನಿಷ್ಠ 30 ದಿನ ಔಷಧಿ ಮುಟ್ಟಿರಬಾರದು. ಅದು ಅವರದೇ ಅಳತೆಗೋಲು. ಕ್ಯಾಲಿಫೋರ್ನಿಯಾದಲ್ಲಿ 1974ರಿಂದಲೂ ಹೀಗೆ ನೋಡುತ್ತಾರೆ. ಸ್ವಂತ ಅಳತೆಯ ಶೇ. 80ಕ್ಕಿಂತ ಇಳಿದರೆ ಕೆಲಸದ ರೀತಿ ಪರಿಶೀಲಿಸಬೇಕು. ಕೆಂಪು ಕಣದ ಕಿಣ್ವ ಶೇ. 70ಕ್ಕೆ ಅಥವಾ ಪ್ಲಾಸ್ಮಾದ್ದು (ರಕ್ತದ ದ್ರವ ಭಾಗದ್ದು) ಶೇ. 60ಕ್ಕೆ ಇಳಿದರೆ ಆ ಕೆಲಸ ಬಿಡಿಸಬೇಕು. ನಾನೂ ಅದನ್ನೇ ಹಿಡಿದಿದ್ದೇನೆ.

ಮೊದಲು ಪಂಪು ಹೊತ್ತ ಗಂಡಸರನ್ನಷ್ಟೇ ಕರೆಯುತ್ತಿದ್ದೆ. ಆಮೇಲೆ ನೀರು ತಂದು ಔಷಧಿ ಕದಡುವ ಹೆಂಗಸರನ್ನು, ಅಂಗಡಿಯಲ್ಲಿ ಡಬ್ಬಿ ಎತ್ತುವ ಹುಡುಗರನ್ನು, ಮನೆಗಳಿಗೆ ಗೆದ್ದಲು ಔಷಧಿ ಹಾಕುವವರನ್ನೂ ಸೇರಿಸಿದೆ. ಕದಡುವವರ ಕೈಗೆ ತಾಗುವುದು ನೀರು ಬೆರೆಸದ ಔಷಧಿ, ಅಲ್ವಾ? ಒಬ್ಬ ಅಕ್ಕನ ಕೆಂಪು ಕಣದ ಕಿಣ್ವ ಮೇನಲ್ಲಿದ್ದದ್ದರ ಶೇ. 66ಕ್ಕೆ ಇಳಿದಿತ್ತು. ಪಂಪು ಹೊತ್ತಿದ್ದ ಗಂಡನದ್ದು ಶೇ. 85. ಆಕೆಗೆ ರಕ್ತಹೀನತೆಯೂ ಇತ್ತು. ಕೆಂಪು ಕಣ ಕಡಿಮೆಯಾದರೂ ಅಂಕಿ ಇಳಿಯಬಹುದು, ಹಾಗಾಗಿ ಒಂದು ಗ್ರಾಂ ಹಿಮೋಗ್ಲೋಬಿನ್‌ಗೆ ಎಷ್ಟು ಕಿಣ್ವ ಎಂದು ಲೆಕ್ಕ ಹಾಕಿ ನೋಡಿದೆ. ಇಳಿತ ನಿಜವೇ.

ರಕ್ತ ತೆಗೆಯುವ ಮುಂಚೆ ಸೋಪು ಹಚ್ಚಿ ಕೈ ತೊಳೆಸುತ್ತೇನೆ. ಚರ್ಮದ ಮೇಲಿನ ಔಷಧಿ ಸೇರಿದರೆ ಅಂಕಿ ಕೆಡುತ್ತದೆ. ಟ್ಯೂಬನ್ನು ತಕ್ಷಣ ಐಸಿನಲ್ಲಿ ಇಡುತ್ತೇನೆ. ಕಾರ್ಬಮೇಟ್ ಎಂಬ ಇನ್ನೊಂದು ಗುಂಪಿನ ಕೀಟನಾಶಕ ಹೊಡೆದವರಾದರೆ ಅದೇ ದಿನ ನೋಡಲೇಬೇಕು. ಅದು ಕಿಣ್ವಕ್ಕೆ ಹಾಕಿದ ಕಟ್ಟು ತಾನೇ ಬಿಚ್ಚಿಕೊಂಡು, ಮರುದಿನಕ್ಕೆ ಎಲ್ಲ ಸರಿ ಇದ್ದಂತೆ ಕಾಣುತ್ತದೆ.

ಅಕ್ಕ ಕದಡುವುದನ್ನು ಬಿಟ್ಟರು. ಕೆಂಪು ಕಣದ ಕಿಣ್ವ ದಿನಕ್ಕೆ ಶೇ. 1ರಷ್ಟು ಮಾತ್ರ ಏರುತ್ತದೆ. ಮೂರು ವಾರದ ಮೇಲೆ ನೋಡಿದಾಗ ಶೇ. 82 ಆಗಿತ್ತು. ಈ ಸಲ ಮೇನಲ್ಲಿ ಗಂಡನನ್ನೂ ಮೈದುನನನ್ನೂ ಆಕೆಯೇ ಕರೆತಂದರು.