ಪಾತ್ರ ಹಂಚುವಲ್ಲಿಂದಲೇ ಆರಂಭ: ತರಗತಿಯಲ್ಲಿ ಕಲೆ ಮತ್ತು ನ್ಯಾಯ, ನನ್ನ ಅನುಭವ

ಶಾಲೆಯ ಮಕ್ಕಳಿಗೆ ನಾಟಕ ಮತ್ತು ಚಿತ್ರಕಲೆ ಕಲಿಸುವುದು ನನ್ನ ವೃತ್ತಿ. ಸಾಮಾಜಿಕ ನ್ಯಾಯದ ಬಗ್ಗೆ ಮಕ್ಕಳಿಂದ ಒಂದು ನಾಟಕ ಮಾಡಿಸಿಕೊಡಿ ಎಂಬ ಬೇಡಿಕೆ ನನಗೆ ಆಗಾಗ ಬರುತ್ತದೆ. ಸಮಾನತೆಯ ಮಾತುಗಳಿರುವ ಸಿದ್ಧ ಸಂಭಾಷಣೆಯನ್ನು ಬಾಯಿಪಾಠ ಮಾಡಿಸಿ, ಚೆನ್ನಾಗಿ ಮಾತಾಡಬಲ್ಲ ಕೆಲವರಿಗೆ ಮುಖ್ಯ ಪಾತ್ರಗಳನ್ನು ಕೊಟ್ಟು, ಉಳಿದವರನ್ನು ಮರಗಳಾಗಿಯೋ ಜನಸಮೂಹವಾಗಿಯೋ ಹಿಂದೆ ನಿಲ್ಲಿಸಿದರೆ ಆ ಬೇಡಿಕೆಯನ್ನು ಪೂರೈಸಿದಂತೆಯೇ ಆಗುತ್ತದೆ. ಆದರೆ ಹಾಗೆ ಸಿದ್ಧವಾಗುವ ನಾಟಕದಲ್ಲಿ ವೇದಿಕೆಯ ಮೇಲಿನ ಮಾತು ಒಂದು, ತಾಲೀಮಿನಲ್ಲಿ ಮಕ್ಕಳು ಕಲಿಯುವ ಪಾಠ ಇನ್ನೊಂದು. ಹಿಂದಿನ ಸಾಲಿನಲ್ಲಿ ನಿಂತ ಮಗು ಸಂಭಾಷಣೆಗಿಂತ ತನಗೆ ಸಿಕ್ಕ ಜಾಗವನ್ನೇ ಹೆಚ್ಚು ಕಾಲ ನೆನಪಿಟ್ಟುಕೊಳ್ಳುತ್ತದೆ. ಆದ್ದರಿಂದ ವಿಷಯವನ್ನು ಆರಿಸುವ ಮೊದಲು ನಾನು ಹಂಚಿಕೆಯನ್ನು ನೋಡುತ್ತೇನೆ. ಪಾತ್ರ ಯಾರಿಗೆ ಸಿಗುತ್ತದೆ, ಕತ್ತರಿ ಮತ್ತು ಕುಂಚ ಯಾರ ಕೈಯಲ್ಲಿರುತ್ತವೆ, ಕಥೆ ಯಾರ ಬದುಕಿನಿಂದ ಬರುತ್ತದೆ, ಕೊನೆಯ ತೀರ್ಮಾನ ಯಾರದು ಎಂಬ ಪ್ರಶ್ನೆಗಳಿಗೆ ಉತ್ತರ ಸಿಗದೆ ನಾನು ಕೆಲಸ ಆರಂಭಿಸುವುದಿಲ್ಲ.

ಈ ಕ್ರಮಕ್ಕೆ ನನಗೆ ಆಧಾರ ಸಿಕ್ಕಿದ್ದು ಬ್ರೆಜಿಲ್‌ನ ಇಬ್ಬರಿಂದ. ಶಿಕ್ಷಣ ಚಿಂತಕ ಪಾಲೊ ಫ್ರೇರೆ 1963ರಲ್ಲಿ ಅಂಗಿಕೋಸ್ ಎಂಬ ಊರಿನಲ್ಲಿ ಸುಮಾರು 300 ಮಂದಿ ಶ್ರಮಿಕರಿಗೆ 40 ಗಂಟೆಗಳ ಪಾಠದಲ್ಲಿ ಓದು ಬರಹ ಕಲಿಸುವ ಕೆಲಸ ಕೈಗೊಂಡಾಗ ವರ್ಣಮಾಲೆಯಿಂದ ಆರಂಭಿಸಲಿಲ್ಲ. ಕಲಿಯುವವರ ದಿನನಿತ್ಯದ ಮಾತುಗಳಿಂದ, ಅವರ ಬದುಕಿನ ಸನ್ನಿವೇಶಗಳನ್ನು ತೋರಿಸುವ ಚಿತ್ರಗಳಿಂದ ಆರಂಭಿಸಿದರು. ಆ ದೇಶದಲ್ಲಿ ಆಗ ಅನಕ್ಷರಸ್ಥರಿಗೆ ಮತದಾನದ ಹಕ್ಕು ಇರಲಿಲ್ಲವಾದ್ದರಿಂದ ಅಕ್ಷರ ಕಲಿಯುವುದೆಂದರೆ ಮತದಾರರಾಗುವುದೂ ಆಗಿತ್ತು. 1964ರಲ್ಲಿ ಸೇನೆ ಅಧಿಕಾರ ಹಿಡಿದ ಮೇಲೆ ಫ್ರೇರೆ ಸೆರೆಮನೆ ಸೇರಿದರು, ಅನಂತರ ದೇಶವನ್ನೇ ಬಿಡಬೇಕಾಯಿತು. ರಂಗಕರ್ಮಿ ಆಗಸ್ಟೊ ಬೊವಾಲ್ ಕೂಡ 1971ರಲ್ಲಿ ಬಂಧನಕ್ಕೊಳಗಾಗಿ, ಚಿತ್ರಹಿಂಸೆ ಅನುಭವಿಸಿ ದೇಶ ಬಿಟ್ಟವರು. ಪರದೇಶದಲ್ಲಿದ್ದ ಆ ವರ್ಷಗಳಲ್ಲಿಯೇ ಅವರು ದಮನಿತರ ರಂಗಭೂಮಿ ಎಂದು ಹೆಸರಾದ ಪದ್ಧತಿಯನ್ನು ಬೆಳೆಸಿದರು. ಚಿತ್ರದ ಮುಂದೆ ನಿಂತು "ಇಲ್ಲಿ ಏನು ನಡೆಯುತ್ತಿದೆ, ಯಾಕೆ ಹೀಗೆ ನಡೆಯುತ್ತಿದೆ" ಎಂದು ಕೇಳುವ ಅಭ್ಯಾಸವನ್ನು ನಾನು ಫ್ರೇರೆಯವರಿಂದ ಪಡೆದೆ. ನೋಡುತ್ತ ಕುಳಿತವರು ಎದ್ದುಬಂದು ಆಡುವವರಾಗಬಹುದು ಎಂಬ ವ್ಯವಸ್ಥೆಯನ್ನು ಬೊವಾಲ್ ಅವರಿಂದ ಪಡೆದೆ.

ಮೊದಲ ಹಂತದಲ್ಲಿ ನಾನು ಮಾತನ್ನು ಪೂರ್ತಿ ಬದಿಗಿಡುತ್ತೇನೆ. ಮಾತು ಬಲ್ಲ ಮಕ್ಕಳು ಎಲ್ಲ ತರಗತಿಗಳಲ್ಲಿಯೂ ಮೊದಲೇ ಮುಂದಿರುತ್ತಾರೆ. ಮಾತಿನಿಂದ ಆರಂಭಿಸಿದರೆ ಅವರು ಮುಂದೆಯೇ ಉಳಿಯುತ್ತಾರೆ. ಆದ್ದರಿಂದ ಗುಂಪುಗಳನ್ನು ಮಾಡಿ, ಸಹಪಾಠಿಗಳ ದೇಹಗಳನ್ನೇ ಬಳಸಿಕೊಂಡು ಒಂದು ಸ್ತಬ್ಧಚಿತ್ರವನ್ನು ಕಟ್ಟಲು ಹೇಳುತ್ತೇನೆ. ಒಂದು ಶಾಲೆಯಲ್ಲಿ ನಾನು ಕೊಟ್ಟ ವಿಷಯ "ನಿಮ್ಮ ಶಾಲೆಯಲ್ಲಿ ಯಾರು ತೀರ್ಮಾನಿಸುತ್ತಾರೆ" ಎಂಬುದು. ನಾನು ನಿರೀಕ್ಷಿಸಿದ್ದು ಪರೀಕ್ಷೆ, ಶಿಕ್ಷೆ, ಸಮವಸ್ತ್ರ ಇಂತಹ ಸಂಗತಿಗಳನ್ನು. ಮಕ್ಕಳು ಕಟ್ಟಿದ್ದು ಆಟದ ಮೈದಾನವನ್ನು. ಒಂದಕ್ಕಿಂತ ಹೆಚ್ಚು ಗುಂಪುಗಳು, ಪರಸ್ಪರ ನೋಡದೆಯೇ, ತಂಡಗಳಿಗೆ ಆಟಗಾರರನ್ನು ಆರಿಸುವ ಗಳಿಗೆಯನ್ನು ತೋರಿಸಿದವು: ಇಬ್ಬರು ನಾಯಕರು ಮುಂದೆ, ಅವರ ಎದುರಿಗೆ ಸಾಲು, ಸಾಲಿನ ಕೊನೆಯಲ್ಲಿ ಯಾರೂ ಕರೆಯದ ಒಬ್ಬರು.

ಒಂದು ಗುಂಪಿನಲ್ಲಿ ಚಿತ್ರವನ್ನು ತಿದ್ದುವ ಸರದಿ, ತರಗತಿಯಲ್ಲಿ ತಾನಾಗಿ ಬಾಯಿ ತೆರೆಯದ ಹುಡುಗಿಯೊಬ್ಬಳಿಗೆ ಬಂತು. ನಾಯಕನಾಗಿ ನಿಂತಿದ್ದ ಹುಡುಗ ತೋರುಬೆರಳನ್ನು ಎದುರಿನವರ ಮುಖದ ನೇರಕ್ಕೆ ಚಾಚಿದ್ದ. ಅವಳು ಅವನ ಮಣಿಕಟ್ಟನ್ನು ಹಿಡಿದು ಬೆರಳನ್ನು ಸೊಂಟದ ಮಟ್ಟಕ್ಕೆ ಇಳಿಸಿದಳು, ಅವನ ಮುಖವನ್ನು ಪಕ್ಕಕ್ಕೆ, ಇನ್ನೊಬ್ಬ ನಾಯಕನ ಕಡೆಗೆ ತಿರುಗಿಸಿದಳು. ಯಾಕೆ ಎಂದು ಕೇಳಿದೆ. "ಅವರು ನಮ್ಮ ಮುಖ ನೋಡಿ ಆರಿಸುವುದಿಲ್ಲ ಸರ್, ಅವರವರೇ ಮಾತಾಡಿಕೊಳ್ಳುತ್ತಾ ಹೀಗೆ ತೋರಿಸುತ್ತಾರೆ" ಎಂದಳು. ಒಂದು ಬೆರಳಿನ ಎತ್ತರದ ವ್ಯತ್ಯಾಸದಲ್ಲಿ ಅವಳು ಹೇಳಿದ್ದನ್ನು ನಾನು ಪ್ರಬಂಧ ಬರೆಯಿಸಿದ್ದರೆ ಪಡೆಯುತ್ತಿರಲಿಲ್ಲ ಎಂದು ನನಗೆ ಖಚಿತವಾಗಿ ಅನ್ನಿಸುತ್ತದೆ. ಅನ್ಯಾಯವನ್ನು ಅನುಭವಿಸಿದವರಿಗೆ ಅದರ ವಿವರಗಳು ಗೊತ್ತಿರುತ್ತವೆ, ಆ ವಿವರಗಳನ್ನು ಇಡಲು ಜಾಗವಷ್ಟೇ ಇರುವುದಿಲ್ಲ.

ಸ್ತಬ್ಧಚಿತ್ರದ ಮುಂದಿನ ಹಂತದಲ್ಲಿ ಅದೇ ಗುಂಪು ತಾವು ಬಯಸುವ ಮೈದಾನದ ಚಿತ್ರವನ್ನು ಕಟ್ಟಬೇಕು, ಆಮೇಲೆ ಮೊದಲನೆಯ ಚಿತ್ರದಿಂದ ಎರಡನೆಯದಕ್ಕೆ ಹೋಗುವ ದಾರಿಯನ್ನು ಮೂರನೆಯ ಚಿತ್ರವಾಗಿ ತೋರಿಸಬೇಕು. ಬಯಕೆಯ ಚಿತ್ರ ಎಲ್ಲರಿಗೂ ಸುಲಭ. ಎಲ್ಲರೂ ಕೈಕೈ ಹಿಡಿದು ನಿಲ್ಲುತ್ತಾರೆ. ಕಷ್ಟವಾಗುವುದು, ಆದ್ದರಿಂದಲೇ ನಾನು ಹೆಚ್ಚು ಸಮಯ ಕೊಡುವುದು, ನಡುವಿನ ಚಿತ್ರಕ್ಕೆ.

ಅಲ್ಲಿಂದ ಫೋರಂ ಥಿಯೇಟರ್, ಅಂದರೆ ನೋಡುವವರೂ ಎದ್ದುಬಂದು ಆಡುವ ಬೊವಾಲ್ ಅವರ ನಾಟಕ ಕ್ರಮ, ಆರಂಭವಾಗುತ್ತದೆ. ಮಕ್ಕಳು ಕಟ್ಟಿದ ಪುಟ್ಟ ದೃಶ್ಯ ಇಷ್ಟು: ಆಡಲು ಬಯಸುವ ಹುಡುಗಿ, ಅವಳನ್ನು ಆರಿಸದ ನಾಯಕ, "ನೀವು ನೀವೇ ಹೊಂದಿಕೊಂಡು ಹೋಗಿ" ಎಂದು ಹೇಳಿ ಹೊರಡುವ ಶಿಕ್ಷಕರು. ದೃಶ್ಯ ಸೋಲಿನಲ್ಲಿಯೇ ಮುಗಿಯುತ್ತದೆ. ಆಮೇಲೆ ಅದನ್ನು ಮತ್ತೆ ಮೊದಲಿನಿಂದ ಆಡುತ್ತಾರೆ. ಈ ಸಲ ಪ್ರೇಕ್ಷಕರಲ್ಲಿ ಯಾರು ಬೇಕಾದರೂ "ನಿಲ್ಲಿಸಿ" ಎಂದು ಕೂಗಿ, ತುಳಿತಕ್ಕೊಳಗಾದ ಪಾತ್ರದ ಜಾಗಕ್ಕೆ ಬಂದು, ಬೇರೆ ರೀತಿಯಲ್ಲಿ ನಡೆದು ನೋಡಬಹುದು. ದೃಶ್ಯ ಮತ್ತು ಪ್ರೇಕ್ಷಕರ ನಡುವೆ ನಿಂತು ಇದನ್ನು ನಡೆಸುವ ಸೂತ್ರಧಾರನ ಕೆಲಸ ನನ್ನದು.

ಇಲ್ಲಿ ಮಕ್ಕಳ ಮೊದಲ ಆಸೆ ಯಾವಾಗಲೂ ಒಂದೇ. ನಾಯಕನ ಪಾತ್ರಕ್ಕೆ ಹೋಗಿ ಅವನನ್ನು ಒಳ್ಳೆಯವನನ್ನಾಗಿ ಮಾಡಿಬಿಡಬೇಕು ಎನ್ನುತ್ತಾರೆ. ನಾನು ಅದಕ್ಕೆ ಬಿಡುವುದಿಲ್ಲ. ಇಡೀ ಕ್ರಮದಲ್ಲಿ ನಾನು ಅತ್ಯಂತ ಬಿಗಿಯಾಗಿ ಪಾಲಿಸುವ ನಿಯಮ ಇದು, ಯಾಕೆಂದರೆ ಮೈದಾನದಲ್ಲಿ ನಾಳೆ ನಾಯಕ ತಾನಾಗಿ ಬದಲಾಗಿರುವುದಿಲ್ಲ. ಅವನು ಹಾಗೆಯೇ ಇರುವಾಗ ಏನು ಮಾಡಲು ಸಾಧ್ಯ ಎಂಬುದನ್ನು ಹುಡುಕುವುದೇ ಈ ತಾಲೀಮಿನ ಉದ್ದೇಶ. ನಂಬಲಾಗದ ಪರಿಹಾರ ಬಂದಾಗ "ಇದು ಮಂತ್ರ" ಎಂದು ಪ್ರೇಕ್ಷಕರೇ ಕೂಗುವ ಪದ್ಧತಿಯೂ ಬೊವಾಲ್ ಅವರ ರಂಗಭೂಮಿಯಿಂದ ಬಂದದ್ದು, ಮಕ್ಕಳು ಅದನ್ನು ಬಹಳ ನ್ಯಾಯವಾಗಿ ಬಳಸುತ್ತಾರೆ. ಆ ದಿನ ಒಬ್ಬ ಹುಡುಗ ಬಂದು ಸಮಾನತೆಯ ಬಗ್ಗೆ ಉದ್ದನೆಯ ಭಾಷಣ ಮಾಡಿದಾಗ ನಾಯಕನ ಪಾತ್ರಧಾರಿ ಮನಸೋತು ತಲೆಯಾಡಿಸಿದ. ಸಭೆಯೆಲ್ಲ "ಮಂತ್ರ" ಎಂದಿತು. ಇನ್ನೊಬ್ಬಳು ಚೆಂಡನ್ನು ಕಿತ್ತುಕೊಂಡು ಓಡಿದಳು, ಜಗಳವಾಯಿತು, ಶಿಕ್ಷಕರ ಪಾತ್ರಧಾರಿ ಅವಳನ್ನೇ ಹೊರಗೆ ಕಳಿಸಿದ. ಮತ್ತೊಬ್ಬ ಶಿಕ್ಷಕರ ಹಿಂದೆ ಹೋಗಿ ದೂರು ಹೇಳಿ ಬರಿಗೈಯಲ್ಲಿ ಮರಳಿದ. ಆಮೇಲೆ, ಬೆರಳನ್ನು ತಗ್ಗಿಸಿದ್ದ ಆ ಹುಡುಗಿಯೇ ಎದ್ದಳು. ಅವಳು ನಾಯಕನ ಬಳಿ ಹೋಗಲೇ ಇಲ್ಲ. ಸಾಲಿನಲ್ಲಿ ಉಳಿದಿದ್ದವರ ಕಿವಿಯಲ್ಲಿ ಒಬ್ಬೊಬ್ಬರಿಗೂ ಏನೋ ಹೇಳಿದಳು. ಅವರೆಲ್ಲ ಒಟ್ಟಿಗೆ ಸಾಲು ಬಿಟ್ಟು ಪಕ್ಕಕ್ಕೆ ಹೋಗಿ ನಿಂತರು. ಆಟಕ್ಕೆ ಜನ ಸಾಲದೆ ಹೋಯಿತು. "ನಾನ್ಯಾಕೆ ನಿಮ್ಮ ಮಾತು ಕೇಳಬೇಕು" ಎಂದು ನಾಯಕ ಕೇಳಿದ. "ಕೇಳಬೇಡ. ಆದರೆ ನಾವಿಲ್ಲದೆ ನಿನ್ನ ಎದುರಿಗೆ ಆಡುವವರು ಯಾರು?" ಎಂದು ಅವಳು ಹೇಳಿದಾಗ ಯಾರೂ "ಮಂತ್ರ" ಎನ್ನಲಿಲ್ಲ. ಒಗ್ಗಟ್ಟು, ಮಾತುಕತೆ, ಷರತ್ತು ಎಂಬ ಪಾಠಗಳನ್ನು ನಾನು ಆ ದಿನ ಪ್ರತ್ಯೇಕವಾಗಿ ಹೇಳಬೇಕಾಗಿ ಬರಲಿಲ್ಲ.

ಇಂತಹ ಕೆಲಸಕ್ಕೆ ಎಚ್ಚರಿಕೆ ಬೇಕು. ಯಾವ ಮಗುವಿಗೂ ತನ್ನದೇ ನೋವನ್ನು ತಾನೇ ಅಭಿನಯಿಸಲು ನಾನು ಹೇಳುವುದಿಲ್ಲ. ಮಗು ಕೊಟ್ಟ ಕಥೆಯ ಹೆಸರು, ಜಾಗ, ಸಂಬಂಧಗಳನ್ನು ಬದಲಾಯಿಸಿ ಬೇರೆಯವರು ಆಡುತ್ತಾರೆ. ಕಥೆ ಕೊಟ್ಟವರು ಬಯಸಿದರೆ ನೋಡುವವರಾಗಿ ಉಳಿಯಬಹುದು, ಬಯಸಿದರೆ ಕಥೆಯನ್ನು ಹಿಂದಕ್ಕೆ ಪಡೆಯಬಹುದು. ನಾಯಕನಾಗಿ ಆಡಿದ ಹುಡುಗನನ್ನು ಮರುದಿನವೂ ಮಕ್ಕಳು ನಾಯಕನೆಂದೇ ನೋಡಬಾರದು. ಆದ್ದರಿಂದ ದೃಶ್ಯ ಮುಗಿದ ಮೇಲೆ ಪ್ರತಿಯೊಬ್ಬರೂ ಮೈ ಕೊಡವಿ, ತಮ್ಮ ಸ್ವಂತ ಹೆಸರು ಹೇಳಿ, ಪಾತ್ರದಿಂದ ಹೊರಬರುವುದಕ್ಕೆ ಸಮಯವನ್ನು ಮೀಸಲಿಡುತ್ತೇನೆ. ಹಿಂಸೆ ಅಥವಾ ದೌರ್ಜನ್ಯದ ಸುಳಿವು ಸಿಕ್ಕರೆ ಅದು ನಾಟಕದ ವಸ್ತುವಲ್ಲ. ಮಕ್ಕಳ ರಕ್ಷಣೆಯ ಹೊಣೆ ಹೊತ್ತವರಿಗೆ ತಕ್ಷಣ ತಿಳಿಸಬೇಕಾದ ಸಂಗತಿ.

ಚಿತ್ರಕಲೆಯ ತರಗತಿಯಲ್ಲಿಯೂ ನಾನು ಹಂಚಿಕೆಯಿಂದಲೇ ಆರಂಭಿಸುತ್ತೇನೆ. ಸ್ವಂತ ಮುಖವನ್ನು ಬರೆಯಲು ಹೇಳಿದಾಗ ಮಕ್ಕಳು ಪೆಟ್ಟಿಗೆಯಲ್ಲಿ "ಮೈಬಣ್ಣ" ಹುಡುಕುತ್ತಾರೆ, ಸಿಕ್ಕಿದ ತಿಳಿ ಗುಲಾಬಿ ಬಣ್ಣವನ್ನು ತಮ್ಮ ಮುಖಕ್ಕೆ ಬಳಿಯುತ್ತಾರೆ. ಅಮೆರಿಕದ ಕ್ರೇಯೋಲಾ ಕಂಪನಿ ಮೈಬಣ್ಣವೆಂಬ ಅರ್ಥದ 'ಫ್ಲೆಶ್' ಎಂಬ ಹೆಸರಿನ ಕ್ರೇಯಾನಿಗೆ 1962ರಲ್ಲಿ 'ಪೀಚ್' ಎಂದು ಹೆಸರು ಬದಲಾಯಿಸಿತು. ಆದರೂ ಆ ಛಾಯೆಯೇ ಮನುಷ್ಯರ ಬಣ್ಣ ಎಂಬ ಭಾವನೆ ಮಕ್ಕಳ ಕೈಗಳಲ್ಲಿ ಇನ್ನೂ ಉಳಿದಿರುವುದನ್ನು ನಾನು ನೋಡುತ್ತೇನೆ. ಆದ್ದರಿಂದ ಪೆಟ್ಟಿಗೆಗಳನ್ನು ಎತ್ತಿಟ್ಟು ಎಲ್ಲರ ಮುಂದೆಯೂ ಕೆಂಪು, ಹಳದಿ, ನೀಲಿ ಮತ್ತು ಬಿಳಿ ಬಣ್ಣಗಳನ್ನು ಮಾತ್ರ ಇಡುತ್ತೇನೆ. ಕೆಂಪಿಗೆ ಹಳದಿ ಬೆರೆಸಿ ಕಿತ್ತಳೆ ಮಾಡಿಕೊಂಡು, ಅದಕ್ಕೆ ಕುಂಚದ ತುದಿಯಷ್ಟು ನೀಲಿ ಸೇರಿಸಿದರೆ ಕಂದು ಬರುತ್ತದೆ. ಅಲ್ಲಿಂದ ಪ್ರತಿಯೊಬ್ಬರೂ ತಮ್ಮ ಮಣಿಕಟ್ಟಿನ ಮೇಲೆ ಒಂದು ಚುಕ್ಕೆ ಇಟ್ಟು ನೋಡಿಕೊಂಡು, ಚುಕ್ಕೆ ಚರ್ಮದಲ್ಲಿ ಕಾಣೆಯಾಗುವವರೆಗೆ ಬೆರೆಸುತ್ತಾ ಹೋಗುತ್ತಾರೆ. ಕಪ್ಪು ಬಣ್ಣವನ್ನು ನಾನು ಕೊಡುವುದಿಲ್ಲ, ಅದು ಸೇರಿದರೆ ಚರ್ಮಕ್ಕೆ ಬೂದಿ ಬಡಿದಂತಾಗುತ್ತದೆ. ಗಾಢವಾದ ಮೈಬಣ್ಣಕ್ಕೆ ಜೀವ ಬರುವುದು ಹೆಚ್ಚಿನ ಕೆಂಪು ಮತ್ತು ನೀಲಿಯಿಂದ. ಅತ್ಯಂತ ಕಪ್ಪು ಮೈಬಣ್ಣದ ಮಗು ಅತ್ಯಂತ ಹೆಚ್ಚು ಹೊತ್ತು, ಅತ್ಯಂತ ಕುಶಲತೆಯಿಂದ ಬಣ್ಣ ಬೆರೆಸುವುದನ್ನೂ, ಉಳಿದವರು ಅದರ ತಟ್ಟೆಯ ಸುತ್ತ ಸೇರಿ "ಹೇಗೆ ಮಾಡಿದೆ" ಎಂದು ಕೇಳುವುದನ್ನೂ ನಾನು ಕಂಡಿದ್ದೇನೆ.

ಕಲೆಯಿಂದ ಗಣಿತದ ಅಂಕ ಹೆಚ್ಚಾಗುತ್ತದೆಯೇ ಎಂದು ಆಡಳಿತ ಮಂಡಳಿಗಳು ಕೇಳುತ್ತವೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಜೆಕ್ಟ್ ಝೀರೋ ಎಂಬ ಸಂಶೋಧನಾ ಕೇಂದ್ರದಲ್ಲಿ ಎಲೆನ್ ವಿನ್ನರ್ ಮತ್ತು ಲೋಯಿಸ್ ಹೆಟ್ಲಂಡ್ ಈ ಬಗೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ 2000ದಲ್ಲಿ ಪ್ರಕಟಿಸಿದ ವಿಮರ್ಶೆಯಲ್ಲಿ ಭರವಸೆಯಿಡಬಹುದಾದ ಕಾರ್ಯಕಾರಣ ಸಂಬಂಧ ಕಂಡದ್ದು ಕೆಲವೇ ಕಡೆ. ಅವುಗಳಲ್ಲಿ ಒಂದು, ತರಗತಿಯ ನಾಟಕ ಮತ್ತು ಭಾಷಾ ಸಾಮರ್ಥ್ಯದ ನಡುವಿನದು: ಪಠ್ಯವನ್ನು ಅಭಿನಯಿಸಿದ ಮಕ್ಕಳು ಆ ಪಠ್ಯವನ್ನಷ್ಟೇ ಅಲ್ಲ, ಅಭಿನಯಿಸದ ಹೊಸ ಪಠ್ಯಗಳನ್ನೂ ಉತ್ತಮವಾಗಿ ಅರ್ಥಮಾಡಿಕೊಂಡರು. ಇದನ್ನು ನಾನು ಸಂತೋಷದಿಂದ ಹೇಳುತ್ತೇನೆ, ಇದಕ್ಕಿಂತ ಹೆಚ್ಚಿನದನ್ನು ಹೇಳುವುದಿಲ್ಲ. ಅಂಕಗಳ ಆಸೆ ತೋರಿಸಿ ಪಡೆದ ಕಲೆಯ ಅವಧಿಯನ್ನು ಅಂಕಗಳು ಬಾರದಿದ್ದಾಗ ಮೊದಲು ಕಸಿದುಕೊಳ್ಳುತ್ತಾರೆ, ಅದೂ ಹೆಚ್ಚಾಗಿ ಬಡ ಮಕ್ಕಳ ಶಾಲೆಗಳಲ್ಲಿ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ಕಲೆಯಲ್ಲಿ ಪೂರ್ಣವಾಗಿ ಪಾಲ್ಗೊಳ್ಳುವುದನ್ನು ಹಕ್ಕು ಎಂದೇ ಹೇಳುತ್ತದೆ, 12ನೆಯ ವಿಧಿ ತನಗೆ ಸಂಬಂಧಿಸಿದ ವಿಷಯಗಳಲ್ಲಿ ಮಗುವಿನ ಅಭಿಪ್ರಾಯಕ್ಕೆ ತಕ್ಕ ಬೆಲೆ ಕೊಡಬೇಕು ಎನ್ನುತ್ತದೆ. ಈ ಎರಡನ್ನೂ ನಾನು ಒಟ್ಟಿಗೆ ಓದುತ್ತೇನೆ.

ಹಾಗೆ ಓದಿದರೆ ಕೆಲಸ ನಾಟಕದೊಂದಿಗೆ ಮುಗಿಯುವುದಿಲ್ಲ. ಬೊವಾಲ್ 1992ರಲ್ಲಿ ರಿಯೊ ಡಿ ಜನೈರೊ ನಗರ ಸಭೆಗೆ ಆಯ್ಕೆಯಾದ ಮೇಲೆ ಜನರ ದೃಶ್ಯಗಳಲ್ಲಿ ಮೂಡಿದ ಸಲಹೆಗಳನ್ನು ಮಸೂದೆಗಳಾಗಿ ಮಂಡಿಸಿದರು, ಅವುಗಳಲ್ಲಿ 13 ಕಾನೂನುಗಳಾದವು. ಅದೇ ಮಾದರಿಯಲ್ಲಿ, ದೃಶ್ಯ ಮುಗಿದ ಕೂಡಲೇ ಮಕ್ಕಳು ತಮ್ಮ ಸಲಹೆಗಳನ್ನು ಚಾರ್ಟಿನ ಮೇಲೆ ಬರೆದು, ತೀರ್ಮಾನಿಸುವ ಅಧಿಕಾರವಿರುವವರ ಮುಂದೆ ಓದುತ್ತಾರೆ; ಒಪ್ಪಿದರೆ ಯಾವಾಗಿನಿಂದ, ಒಪ್ಪದಿದ್ದರೆ ಯಾಕೆ ಎಂಬ ಲಿಖಿತ ಉತ್ತರವನ್ನು ಕೇಳುತ್ತಾರೆ. ಇದಕ್ಕೆ ಮೊದಲೇ ಒಪ್ಪಿಕೊಳ್ಳದ ಶಾಲೆಯಲ್ಲಿ ನಾನು ಈ ಕೆಲಸ ಮಾಡುವುದಿಲ್ಲ, ಯಾಕೆಂದರೆ ಬಾಯಿ ತೆರೆದ ಮಗುವಿಗೆ ಉತ್ತರವೇ ಬಾರದಿದ್ದರೆ ಅದು ಮೊದಲಿಗಿಂತ ಹೆಚ್ಚು ಮೌನವಾಗುತ್ತದೆ. ಮೈದಾನದ ವಿಷಯದಲ್ಲಿ, ತಂಡಗಳನ್ನು ಚೀಟಿ ಎತ್ತಿ ಮಾಡಬೇಕು ಎಂಬ ಸಲಹೆಯನ್ನು ಆಟದ ಶಿಕ್ಷಕರು ಒಪ್ಪಿ ಜಾರಿಗೆ ತಂದರು. ಕಿರಿಯ ತರಗತಿಗಳಿಗೆ ಮೈದಾನವನ್ನು ಪ್ರತ್ಯೇಕ ಅವಧಿಯಲ್ಲಿ ಬಿಟ್ಟುಕೊಡಬೇಕು ಎಂಬುದನ್ನು, ವೇಳಾಪಟ್ಟಿಯಲ್ಲಿ ಜಾಗವಿಲ್ಲ ಎಂಬ ಕಾರಣ ಬರೆದು ತಿರಸ್ಕರಿಸಿದರು. ಮಕ್ಕಳು ಈಗ ವೇಳಾಪಟ್ಟಿಯ ಪ್ರತಿಯನ್ನು ಪಡೆದು, ಅದನ್ನು ಮುಂದಿಟ್ಟುಕೊಂಡು ಹೊಸ ದೃಶ್ಯವನ್ನು ಕಟ್ಟುತ್ತಿದ್ದಾರೆ. ತಾಲೀಮಿನ ದಿನವನ್ನು ಅವರೇ ಗೊತ್ತುಮಾಡಿದ್ದಾರೆ, ಸೂತ್ರಧಾರರನ್ನೂ ತಮ್ಮೊಳಗಿನಿಂದಲೇ ಚೀಟಿ ಎತ್ತಿ ಆರಿಸಿಕೊಂಡಿದ್ದಾರೆ.