ಮೊದಲು ಕೈಗೆ, ಆಮೇಲೆ ಪರದೆಗೆ: ಗುಂಡಿಗೆಯ ಪಾಠ ಮಾಡುವುದು ಹೇಗೆ?

ನರ್ಸಿಂಗ್, ಫಿಸಿಯೋಥೆರಪಿ ಮೊದಲ ವರ್ಷದ ಮಕ್ಕಳಿಗೆ ಹೃದಯದ ಪಾಠ ಮಾಡುವಾಗ ಒಂದೇ ತಪ್ಪು ಮತ್ತೆ ಮತ್ತೆ ಆಗುತ್ತದೆ. ಮಟನ್ ಅಂಗಡಿಯಿಂದ ತಂದ ಗುಂಡಿಗೆಯನ್ನು ತಟ್ಟೆಗಿಟ್ಟ ತಕ್ಷಣ ಅಡುಗೆಮನೆಯ ಚಾಕುವಿನಿಂದ ಎರಡು ಹೋಳು ಮಾಡುತ್ತಾರೆ. ಕವಾಟಗಳು ಸೀಳಿಹೋಗುತ್ತವೆ. ಎಡ ಯಾವುದು, ಬಲ ಯಾವುದು ಎಂದು ಯಾರಿಗೂ ತಿಳಿಯುವುದಿಲ್ಲ. ಉಳಿದ ಹೊತ್ತೆಲ್ಲ ಮೊಬೈಲಿನ ಚಿತ್ರದಲ್ಲೇ ಕಳೆಯುತ್ತದೆ. 1949ರ ಮಹಾರಾಷ್ಟ್ರ ಅನಾಟಮಿ ಕಾಯ್ದೆಯಡಿ (ಮೊದಲಿನ ಹೆಸರು ಬಾಂಬೆ ಅನಾಟಮಿ ಕಾಯ್ದೆ) ಮೃತದೇಹಗಳು ಸಿಗುವುದು ಮಾನ್ಯತೆ ಪಡೆದ ಸಂಸ್ಥೆಗಳಿಗೆ ಮಾತ್ರ. ಮುಂಬಯಿ ಕಡೆಯ ಮಾಟುಂಗಾದಲ್ಲೋ ಡೊಂಬಿವಲಿಯಲ್ಲೋ ಸಣ್ಣ ತಂಡಕ್ಕೆ ಪಾಠ ಹೇಳುವವರಿಗೆ ಆಡಿನ ಗುಂಡಿಗೆಯೇ ಗತಿ. ಸರಿಯಾಗಿ ಬಳಸಿದರೆ ಅದು ಧಾರಾಳ ಸಾಕು.

ತರುವುದು

ಬರೀ ಗುಂಡಿಗೆ ಕೇಳಬೇಡಿ. ರಕ್ತ ಹರಿದುಹೋಗಲೆಂದು ಅಂಗಡಿಯವರು ಅದಕ್ಕೊಂದು ಗೀರು ಹಾಕಿರುತ್ತಾರೆ, ಮೇಲಿನ ರಕ್ತನಾಳಗಳನ್ನು ಬುಡಕ್ಕೇ ಕತ್ತರಿಸಿರುತ್ತಾರೆ. ಹಿಂದಿನ ದಿನವೇ ಹೋಗಿ, ‘ದಿಲ್ ಕೋ ಕಾಟ್ನಾ ಮತ್, ಫೇಫಡೇ ಕೇ ಸಾಥ್ ಪೂರಾ ದೇನಾ’ (ಗುಂಡಿಗೆ ಕತ್ತರಿಸಬೇಡಿ, ಶ್ವಾಸಕೋಶದ ಜೊತೆ ಇಡಿಯಾಗಿ ಕೊಡಿ) ಎಂದು ಹೇಳಿಟ್ಟು ಬನ್ನಿ. ಶ್ವಾಸಕೋಶದ ಜೊತೆಗೇ ಬಂದರೆ ನಾಳಗಳು ಉದ್ದವಾಗಿ ಉಳಿದಿರುತ್ತವೆ. ನಾಲ್ಕು ಮಕ್ಕಳಿಗೆ ಒಂದು ಗುಂಡಿಗೆ ಸಾಕು. ಅದರ ಮೇಲೆ ಇಡೀ ತಂಡಕ್ಕೆ ಒಂದು ಹೆಚ್ಚುವರಿ ಇರಲಿ.

ಲೋಕಲ್ ರೈಲಿನಲ್ಲಿ ತರುವುದಾದರೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬ, ಸುತ್ತ ಐಸ್. ಒಂದು ರಾತ್ರಿ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿಟ್ಟರೆ ತೊಂದರೆಯಿಲ್ಲ, ಫ್ರೀಜರ್ ಬೇಡ. ಹೆಪ್ಪುಗಟ್ಟಿ ಕರಗಿದ ಮಾಂಸ ಮೆತ್ತಗಾಗಿ ಕತ್ತರಿಗೆ ಜಾರುತ್ತದೆ. ಫಾರ್ಮಲಿನ್‌ನಲ್ಲಿ ನೆನೆಸುವುದಂತೂ ಬೇಡವೇ ಬೇಡ. ಕಣ್ಣು ಉರಿಯುವುದು ಒಂದು ಕಡೆ, ಕವಾಟಗಳು ಸೆಟೆದುಕೊಂಡು ಮುಂದೆ ಹೇಳುವ ನೀರಿನ ಪರೀಕ್ಷೆಯೇ ನಡೆಯುವುದಿಲ್ಲ.

ಸಾಮಾನು

ಒಂದು ತುದಿ ಮೊಂಡಾಗಿರುವ 6 ಇಂಚಿನ ಕತ್ತರಿ, ಚಿಮಟ, 50 ಮಿ.ಲೀ. ಸಿರಿಂಜ್, ಅದಕ್ಕೆ ಹೊಂದುವ ಒಂದು ಗೇಣು ಮೆತ್ತನೆಯ ನಳಿಗೆ, ಮೊಂಡು ತುದಿಯ ಹೆಣಿಗೆ ಕಡ್ಡಿ, ಕೆಂಪು ಮತ್ತು ನೀಲಿ ಉಣ್ಣೆ ದಾರ, ಕೈಗವಸು. ಸ್ಕಾಲ್ಪೆಲ್ ಬೇಕೇಬೇಕೆಂದರೆ 4ನೇ ನಂಬರಿನ ಹಿಡಿಗೆ 22ನೇ ನಂಬರಿನ ಬ್ಲೇಡ್. 3ನೇ ನಂಬರಿನ ಹಿಡಿ ತಂದು ಅದಕ್ಕೆ 22ರ ಬ್ಲೇಡ್ ಕೂರಿಸಲು ಹೋಗಿ ಬೆರಳು ಕೊಯ್ದುಕೊಳ್ಳುವವರಿದ್ದಾರೆ, ಅದು ಕೂರುವುದೇ ಇಲ್ಲ. ನಮ್ಮನ್ನು ಕೇಳಿದರೆ ಮಕ್ಕಳ ಕೈಗೆ ಕತ್ತರಿಯೇ ಸರಿ. ಮೊಂಡು ತುದಿ ಒಳಗಿದ್ದರೆ ಕವಾಟದ ದಾರಗಳು ಉಳಿಯುತ್ತವೆ.

ಎಡ–ಬಲ ಗುರುತಿಸುವುದು

ಇಲ್ಲಿಗೆ ಇಪ್ಪತ್ತು ನಿಮಿಷ ಕೊಡಿ. ಯಾರೂ ಕತ್ತರಿ ಮುಟ್ಟಬಾರದು.

ಶ್ವಾಸಕೋಶ ಬಿಡಿಸಿ, ನಾಳಗಳೊಳಗೆ ನೀರು ಬಿಟ್ಟು, ಮೆಲ್ಲಗೆ ಹಿಸುಕಿ ಗರಣೆಗಟ್ಟಿದ ರಕ್ತ ತೆಗೆಯಿರಿ. ಮೊನೆ ಕೆಳಗಿರುವಂತೆ ಹಿಡಿದು ತಿರುಗಿಸುತ್ತ ಹೋದರೆ, ಹೃತ್ಕರ್ಣಗಳ (ಮೇಲಿನ ಎರಡು ಕೋಣೆಗಳ) ಎರಡು ಕಿವಿಗಳೂ ಒಟ್ಟಿಗೆ ಕಾಣುವ ಮುಖವೊಂದು ಸಿಗುತ್ತದೆ. ಆ ಕಿವಿಗಳ ನಡುವೆಯೇ ಶ್ವಾಸಕೋಶದ ಅಪಧಮನಿ ಎದ್ದಿರುತ್ತದೆ, ಅಲ್ಲಿಂದ ಕೊಬ್ಬು ತುಂಬಿದ ತೋಡೊಂದು ಓರೆಯಾಗಿ ಇಳಿಯುತ್ತದೆ. ಆ ಮುಖ ನಿಮ್ಮ ಕಡೆಗಿರಲಿ. ಈಗ ನಿಮ್ಮ ಬಲಗೈ ಕಡೆಗಿರುವುದು ಗುಂಡಿಗೆಯ ಎಡ. ಎದುರು ನಿಂತವರ ಎಡಗೈ ನಮ್ಮ ಬಲಗೈ ಕಡೆ ಬರುವ ಹಾಗೆ.

ಕಣ್ಣನ್ನು ನಂಬದೆ ಬೆರಳಿನಿಂದ ಒತ್ತಿ ನೋಡಲು ಹೇಳಿ. ಬಲ ಹೃತ್ಕುಕ್ಷಿಯ (ಕೆಳಗಿನ ಬಲ ಕೋಣೆಯ) ಗೋಡೆ ಒಳಕ್ಕೆ ಕುಸಿಯುತ್ತದೆ, ಎಡದ್ದು ಗಟ್ಟಿಯಾಗಿ ಎದುರು ನಿಲ್ಲುತ್ತದೆ. ಮೊನೆ ಎಡ ಹೃತ್ಕುಕ್ಷಿಯದೇ. ಆಮೇಲೆ ಹೆಣಿಗೆ ಕಡ್ಡಿಯನ್ನು, ಮೈಗೆಲ್ಲ ರಕ್ತ ಒಯ್ಯುವ ಮಹಾಪಧಮನಿಯೊಳಗೆ ಇಳಿಬಿಡಿ. ಅದು ಗಟ್ಟಿ ಗೋಡೆಯ ಕಡೆ ಹೋದರೆ ಗುರುತಿಸಿದ್ದು ಸರಿ. ಮಹಾಪಧಮನಿಗೆ ಕೆಂಪು ದಾರ, ಶ್ವಾಸಕೋಶದ ಅಪಧಮನಿಗೆ ನೀಲಿ ದಾರ ಕಟ್ಟಿ. ಆ್ಯಪ್‌ಗಳಲ್ಲಿ ಈ ಎರಡು ನಾಳಗಳಿಗೆ ಬೇರೆ ಬೇರೆ ಬಣ್ಣ, ಕೈಯಲ್ಲಿರುವ ಗುಂಡಿಗೆಯಲ್ಲಿ ಎರಡೂ ಒಂದೇ ಬಿಳುಪು. ಬಣ್ಣ ನೋಡಿ ಬಾಯಿಪಾಠ ಮಾಡಿದವರು ತಡವರಿಸುವುದು ಇಲ್ಲೇ.

ನೀರಿನ ಪರೀಕ್ಷೆ

ಕೊಯ್ಯುವ ಮುಂಚೆಯೇ ಇದು ಆಗಬೇಕು. ಮಹಾಪಧಮನಿಯ ಅಂಚನ್ನು ಎರಡು ಬೆರಳಿನಲ್ಲಿ ಹಿಡಿದೆತ್ತಿ, ಸಿರಿಂಜಿನಿಂದ ನಿಧಾನವಾಗಿ ನೀರು ಬಿಡಿ. ಮೇಲಿನಿಂದ ಇಣುಕಿದರೆ ಮೂರು ಜೇಬುಗಳು ಉಬ್ಬಿ ನಡುವೆ ಒಂದಕ್ಕೊಂದು ಕೂಡಿಕೊಳ್ಳುವುದು ಕಾಣುತ್ತದೆ, ನೀರು ನಿಲ್ಲುತ್ತದೆ. ಮಟ್ಟ ಮೆಲ್ಲಗೆ ಇಳಿದರೆ ಕವಾಟ ಸೋರುತ್ತಿದೆ ಎಂದುಕೊಳ್ಳಬೇಡಿ. ಜೇಬುಗಳ ಮೇಲೆಯೇ ಹುಟ್ಟುವ, ಹೃದಯಕ್ಕೇ ರಕ್ತ ಕೊಡುವ ಕರೋನರಿ ಅಪಧಮನಿಗಳು ನೀರು ಕುಡಿಯುತ್ತಿರುತ್ತವೆ. ಸರ್ರನೆ ಇಳಿದರೆ ಮಾತ್ರ ಜೇಬಿನ ನಡುವೆ ರಕ್ತದ ಗರಣೆ ಸಿಕ್ಕಿಕೊಂಡಿದೆ, ಇಲ್ಲವೇ ಅಂಗಡಿಯ ಕತ್ತಿ ಬುಡಕ್ಕೆ ತಾಗಿದೆ.

ಎಡಗಡೆಯ ಎರಡು ಕೋಣೆಗಳ ನಡುವಿನ ಮಿಟ್ರಲ್ ಕವಾಟವನ್ನು ನೋಡಲು ಎಡ ಹೃತ್ಕರ್ಣದ ಮೇಲ್ಛಾವಣಿ ಕತ್ತರಿಸಿ ತೆಗೆಯಿರಿ. ನಳಿಗೆಯನ್ನು ಮಹಾಪಧಮನಿಯ ಕವಾಟ ದಾಟಿಸಿ ಎಡ ಹೃತ್ಕುಕ್ಷಿಗೆ ಇಳಿಸಿ, ಅಪಧಮನಿಯನ್ನು ನಳಿಗೆಯ ಸುತ್ತ ಬೆರಳಿನಿಂದ ಬಿಗಿಹಿಡಿದು ನೀರನ್ನು ಒಮ್ಮೆಲೇ ಒತ್ತಿ. ಕವಾಟದ ಎರಡು ಎಲೆಗಳು ಹಾಯಿಯಂತೆ ಉಬ್ಬಿ ಮುಚ್ಚಿಕೊಳ್ಳುತ್ತವೆ. ಯಾವ ಪ್ಲಾಸ್ಟಿಕ್ ಮಾಡೆಲ್ಲೂ ಇದನ್ನು ತೋರಿಸಲಾರದು. ಅಗ್ಗದ ಮಾಡೆಲ್‌ಗಳಲ್ಲಿ ಎರಡೂ ಕಡೆಯ ಗೋಡೆ ಒಂದೇ ದಪ್ಪ, ಕವಾಟ ಬರೀ ಬಳಿದ ಬಣ್ಣ. ಅಂಥದ್ದಕ್ಕೆ ದುಡ್ಡು ಹಾಕಬೇಡಿ.

ಕೊಯ್ಯುವುದು

ರಕ್ತ ಹರಿಯುವ ದಾರಿಯೇ ಕತ್ತರಿಯ ದಾರಿ. ಮೈಯ ರಕ್ತವನ್ನು ಹೃದಯಕ್ಕೆ ಮರಳಿ ತರುವ ಮೇಲಿನ ಮಹಾಭಿಧಮನಿಯಿಂದ ಬಲ ಹೃತ್ಕರ್ಣಕ್ಕೆ, ಅಲ್ಲಿಂದ ಬಲ ಅಂಚು ಹಿಡಿದು ಬಲ ಹೃತ್ಕುಕ್ಷಿಯ ತುದಿಯವರೆಗೆ. ಆಮೇಲೆ ಮುಂದಿನ ತೋಡಿನಿಂದ 1 ಸೆಂ.ಮೀ. ಗುಂಡಿಗೆಯ ಬಲಕ್ಕೆ ಸರಿದು ಶ್ವಾಸಕೋಶದ ಅಪಧಮನಿಯವರೆಗೆ ಮೇಲಕ್ಕೆ. ಗೋಡೆ ಪುಸ್ತಕದ ಹಾಳೆಯಂತೆ ತೆರೆಯುತ್ತದೆ. ಪೂರ್ತಿ ಎತ್ತುವ ಮುಂಚೆ ಒಳಗೆ ಇಣುಕಿ: ನಡುಗೋಡೆಯಿಂದ ಹೊರಗೋಡೆಗೆ ಕಟ್ಟಿದ ಹಗ್ಗದಂಥ ಸ್ನಾಯುವಿನ ಪಟ್ಟಿಯೊಂದಿರುತ್ತದೆ. ಅದೇ ಮಾಡರೇಟರ್ ಬ್ಯಾಂಡ್. ಹೃದಯ ಬಡಿತದ ವಿದ್ಯುತ್ ಸಂಕೇತ ಅದರೊಳಗೂ ಸಾಗುತ್ತದೆ. ಅವಸರದಲ್ಲಿ ಹಾಳೆ ಎಳೆದರೆ ಮೊದಲು ಹರಿಯುವುದು ಅದೇ.

ಎಡಗಡೆ ಹೊರ ಅಂಚಿನಲ್ಲಿ ಮೊನೆಯವರೆಗೆ ಒಂದೇ ಗೀರು ಸಾಕು. ಕವಾಟದ ದಾರಗಳನ್ನು ಹಿಡಿದಿರುವ ಎರಡು ಪ್ಯಾಪಿಲ್ಲರಿ ಸ್ನಾಯುಗಳ ನಡುವೆ ಹಾದುಹೋಗುವುದರಿಂದ ಎರಡೂ ಉಳಿಯುತ್ತವೆ. ಮಹಾಪಧಮನಿಯ ಮೇಲಿನಿಂದ ಬಿಟ್ಟ ಹೆಣಿಗೆ ಕಡ್ಡಿ ಮಿಟ್ರಲ್ ಕವಾಟದ ಮುಂದಿನ ಎಲೆಯ ಮರೆಯಿಂದ ಹೊರಬರುವುದನ್ನು ಎಲ್ಲರಿಗೂ ತೋರಿಸಿ.

ಮಾಂಸ ಮುಟ್ಟದ ಮನೆಗಳಿಂದ ಬಂದ ಮಕ್ಕಳು ಹಿಂದೆ ಸರಿದರೆ ಒತ್ತಾಯ ಬೇಡ. ಮಾಡೆಲಿಂಗ್ ಜೇಡಿಯಲ್ಲಿ ನಾಲ್ಕು ಕೋಣೆ ಮಾಡಿಸಿ, ಎಡಗೋಡೆಯನ್ನು ಬಲದ ಮೂರು ಪಟ್ಟು ದಪ್ಪ ಇಡಿಸಿ.

ಪರದೆ

ಈಗ ಲ್ಯಾಪ್‌ಟಾಪ್ ತೆರೆಯಿರಿ. ದೇಹರಚನೆಯ 3ಡಿ ಚಿತ್ರಗಳ ಸಾಫ್ಟ್‌ವೇರ್ ಝೆಡ್-ಅನಾಟಮಿ ಉಚಿತ, ಮೊದಲ ವರ್ಷಕ್ಕೆ ಅಷ್ಟು ಸಾಕು. ಅದಕ್ಕಿಂತ ಹೆಚ್ಚು ಉಪಯೋಗ ಸ್ಕ್ಯಾನ್ ಚಿತ್ರ ನೋಡುವ 3ಡಿ ಸ್ಲೈಸರ್‌ನಿಂದ, ಅದೂ ಉಚಿತವೇ. ಅದರ ಸ್ಯಾಂಪಲ್ ಡೇಟಾದಲ್ಲಿ ‘ಸಿಟಿಎ ಕಾರ್ಡಿಯೋ’ ಎಂಬ ಹೃದಯದ ಸಿಟಿ ಸ್ಕ್ಯಾನ್ ಇದೆ. ಇಂಟರ್ನೆಟ್ ಕೈಕೊಟ್ಟೀತು, ಮನೆಯಲ್ಲೇ ಇಳಿಸಿಕೊಂಡು ಹೋಗಿ. ಸಿಟಿಯ ಅಡ್ಡ ಪದರವನ್ನು ನೋಡುವುದು ಮಲಗಿದವರ ಪಾದದ ಕಡೆಯಿಂದ. ಹಾಗಾಗಿ ಅಲ್ಲಿಯೂ ಪರದೆಯ ಬಲಭಾಗವೇ ರೋಗಿಯ ಎಡ. ತಟ್ಟೆಯ ಮುಂದೆ ಕಲಿತ ನಿಯಮವೇ ಇಲ್ಲಿಗೂ ನಡೆಯುತ್ತದೆ. ಒಂದು ತೊಡಕು ಮಾತ್ರ ಇದೆ: ಆ ಪದರ ದೇಹಕ್ಕೆ ಅಡ್ಡ, ಹೃದಯಕ್ಕೆ ಓರೆ. ಹೆಚ್ಚುವರಿ ಗುಂಡಿಗೆಯನ್ನು ನೇರ ಅಡ್ಡಕ್ಕೆ ಕೊಯ್ದು ಪಕ್ಕದಲ್ಲಿಟ್ಟರೆ ಎಡ ಹೃತ್ಕುಕ್ಷಿ ದುಂಡಗೆ, ಬಲದ್ದು ಅದನ್ನು ತಬ್ಬಿದ ಅರ್ಧಚಂದ್ರದಂತೆ ಕಾಣುತ್ತದೆ. ಸಿಟಿಯಲ್ಲಿ ಅದೇ ನೋಟ ಬೇಕಾದರೆ ಪದರವನ್ನು ವಾಲಿಸಬೇಕು.

ಮೃತದೇಹಗಳನ್ನು ತೆಳು ಪದರಗಳಲ್ಲಿ ಚಿತ್ರೀಕರಿಸಿದ ಅಮೆರಿಕದ ವಿಸಿಬಲ್ ಹ್ಯೂಮನ್ ಪ್ರಾಜೆಕ್ಟಿನಲ್ಲಿ ಪುರುಷ ದೇಹದ 1 ಮಿ.ಮೀ. ಪದರಗಳು 1994ರಲ್ಲಿ, ಸ್ತ್ರೀ ದೇಹದ 0.33 ಮಿ.ಮೀ. ಪದರಗಳು 1995ರಲ್ಲಿ ಹೊರಬಂದವು. ಅವು ನಿಜವಾದ ಬಣ್ಣದ ಫೋಟೋಗಳು. ಸಿಟಿಯ ಬೂದು ಚಿತ್ರ ಅರ್ಥವಾಗದವರಿಗೆ ಮೊದಲು ಇವನ್ನು ತೋರಿಸಿ.

ಆಡಿಗೂ ಮನುಷ್ಯನಿಗೂ ಇರುವ ವ್ಯತ್ಯಾಸವನ್ನು ಇಲ್ಲೇ ಬರೆಸಿ. ಮನುಷ್ಯನ ಮಹಾಪಧಮನಿಯ ಕಮಾನಿನಿಂದ ಮೂರು ಕವಲು ಹೊರಡುತ್ತವೆ, ಆಡಿನದರಲ್ಲಿ ಒಂದೇ ದಪ್ಪ ಕಾಂಡ ಹೊರಟು ಆಮೇಲೆ ಕವಲೊಡೆಯುತ್ತದೆ. ಇದನ್ನು ಹೇಳದೆ ಬಿಟ್ಟರೆ ಪರೀಕ್ಷೆಯಲ್ಲಿ ಮಕ್ಕಳು ಆಡಿನ ಕಮಾನನ್ನೇ ಬರೆದು ಬರುತ್ತಾರೆ.

ಕೊನೆಗೆ ತೊಳೆಯುವ ಕೆಲಸ. ಬ್ಲೇಡ್‌ಗಳು ಚುಚ್ಚಿದರೂ ತೂತಾಗದ ಗಟ್ಟಿ ಡಬ್ಬಕ್ಕೆ. ಕತ್ತರಿ, ತಟ್ಟೆಗಳನ್ನು ಮೊದಲು ಸೋಪಿನ ನೀರಿನಲ್ಲಿ ತೊಳೆದು, 1% ಹೈಪೋಕ್ಲೋರೈಟ್ (ಬ್ಲೀಚ್) ದ್ರಾವಣದಲ್ಲಿ 10 ನಿಮಿಷ ಇಟ್ಟು ತೆಗೆಯಿರಿ. ರಾತ್ರಿಯೆಲ್ಲ ಬಿಟ್ಟರೆ ಬೆಳಿಗ್ಗೆಗೆ ಕತ್ತರಿಯ ಕೀಲು ತುಕ್ಕು ಹಿಡಿದಿರುತ್ತದೆ.