ಎರಡಡಿ ಗೋಡೆಯ ಮನೆಗೆ ವೈಫೈ: ನನ್ನ ಅನುಭವ

ನಮ್ಮ ಮನೆ ಇರುವುದು ಸಾಗರ ತಾಲ್ಲೂಕಿನಲ್ಲಿ, ಟಾರು ರಸ್ತೆಯಿಂದ ಒಳಗೆ, ಅಡಿಕೆ ತೋಟದ ತಲೆಯ ಮೇಲೆ. ಅಜ್ಜ ಕಟ್ಟಿಸಿದ ಮುಂಭಾಗಕ್ಕೆ ಎರಡಡಿ ದಪ್ಪದ ಮಣ್ಣಿನ ಗೋಡೆ. ಅಪ್ಪಯ್ಯ ಹಿಂಭಾಗಕ್ಕೆ ಸೇರಿಸಿದ ಅಡುಗೆಮನೆ, ಬಚ್ಚಲು ಜಂಬಿಟ್ಟಿಗೆ ಕಲ್ಲಿನವು. ಮೇಲೆ ಹಲಗೆ ಮುಚ್ಚಿಗೆಯ ಮೆತ್ತು, ಅದರ ಮೇಲೆ ಹಂಚು. ಮೊಬೈಲ್ ಸಿಗ್ನಲ್ ಅಂಗಳದಲ್ಲೇ ಅರೆಬರೆ, ಒಳಗೆ ಬಂದರೆ ಅದೂ ಇಲ್ಲ. ಬೆಂಗಳೂರಿನ ಕೆಲಸವನ್ನು ಇಲ್ಲಿಂದಲೇ ಮಾಡಬೇಕೆಂದು ನಿರ್ಧರಿಸಿದಾಗ ಊರಿಗೆ ಫೈಬರ್ ಬಂದಿತ್ತು. ಬೆಂಗಳೂರಿನ ಫ್ಲಾಟಿನಲ್ಲಿ ರೌಟರನ್ನು ಟಿವಿ ಪಕ್ಕ ಇಟ್ಟು ಮರೆತುಬಿಟ್ಟರೂ ನಡೆಯುತ್ತಿತ್ತು. ಇಲ್ಲಿ ನಡೆಯುವುದಿಲ್ಲ. ರೌಟರಿನ ಸೆಟ್ಟಿಂಗ್ ಎಲ್ಲಾ ಸೇರಿ ಅರ್ಧ ಗಂಟೆಯ ಕೆಲಸ. ಗೋಡೆ, ಮಂಗ, ಕರೆಂಟು, ಸಿಡಿಲು, ಇವುಗಳನ್ನು ಸುಧಾರಿಸುವುದೇ ಉಳಿದ ಕೆಲಸ.

ಕೇಬಲ್ ಎಳೆಯಲು ಬಂದ ಹುಡುಗರು ಮೊದಲು ಕೇಳುವುದು ಒಂದೇ: "ಬಾಕ್ಸ್ ಎಲ್ಲಿ ಹೊಡೀಲಿ ಅಣ್ಣಾ?" ಹೇಳದಿದ್ದರೆ ಕೇಬಲ್ ಮನೆಗೆ ತಾಗುವ ಮೊದಲ ಜಾಗದಲ್ಲಿ, ಅಂದರೆ ಜಗಲಿಯ ಮೂಲೆಯಲ್ಲಿ ಹೊಡೆದು ಹೋಗುತ್ತಾರೆ. ಅವರಿಗೆ ದಿನಕ್ಕೆ ಹತ್ತಾರು ಮನೆ, ತಪ್ಪೇನೂ ಅಲ್ಲ. ನಾನು ನಡುಮನೆ ಅಂದೆ. "ಈ ಗೋಡೆಗೆ ನಮ್ಮ ಡ್ರಿಲ್ ಬಿಟ್ ಸಾಲಲ್ಲ ಅಣ್ಣಾ" ಅಂದ ಒಬ್ಬ. ಹೇಗೂ ಮಣ್ಣಿನ ಗೋಡೆಗೆ ಹ್ಯಾಮರ್ ಡ್ರಿಲ್ ಹಾಕುವುದು ಬೇಡ, ಒಳಗಿನ ಗಿಲಾವು ದೊಡ್ಡ ದೊಡ್ಡ ಹೆಕ್ಕಳಿಕೆಯಾಗಿ ಉದುರುತ್ತದೆ. ಹಳೆಯ ಮನೆಗಳಲ್ಲಿ ಗೋಡೆಯ ತಲೆಗೂ ಹಂಚಿಗೂ ನಡುವೆ ಕೈ ತೂರುವಷ್ಟು ಜಾಗ ಇದ್ದೇ ಇರುತ್ತದೆ. ಕೇಬಲನ್ನು ಅಲ್ಲಿಂದ ಮೆತ್ತಿಗೆ ತಂದು, ಮುಚ್ಚಿಗೆಯ ಹಲಗೆ ಸಂದಿಯಲ್ಲಿ ನಡುಮನೆಗೆ ಇಳಿಸಿದೆವು. ಒಂದು ತೂತೂ ಕೊರೆಯಲಿಲ್ಲ.

ಕಂಬದಿಂದ ಬರುವ ಕಪ್ಪು ಕೇಬಲ್ಲನ್ನು ಹತ್ತಿರದಿಂದ ನೋಡಿ. ಅದರ ಒಂದು ಪಕ್ಕಕ್ಕೆ, ಎಳೆತ ತಡೆಯಲೆಂದು, ಉಕ್ಕಿನ ತಂತಿ ಅಂಟಿಕೊಂಡಿರುತ್ತದೆ. ಫೈಬರ್ ಗಾಜು, ಅದರಲ್ಲಿ ಕರೆಂಟು ಹರಿಯುವುದಿಲ್ಲ ಎಂದು ನಾವೆಲ್ಲ ನಿಶ್ಚಿಂತೆಯಿಂದ ಇರುತ್ತೇವೆ. ಗಾಜು ಸರಿ, ಪಕ್ಕದ ಉಕ್ಕು? ಏಪ್ರಿಲ್, ಮೇ ತಿಂಗಳ ಗುಡುಗಿನ ಮಳೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ತಂತಿಯನ್ನು ಸೂರಿನ ಹೊರಗಿನ ಕೊಕ್ಕೆಗೆ ಕಟ್ಟಿ ಅಲ್ಲಿಗೇ ಕತ್ತರಿಸಿ, ಬರೀ ಫೈಬರ್ ಇರುವ ಭಾಗವನ್ನು ಮಾತ್ರ ಒಳಗೆ ತರಲು ಹೇಳಿದೆ. ಹೊರಗೆ ಹತ್ತು ಮೀಟರಿನಷ್ಟು ಕೇಬಲನ್ನು ಅಡಿ ಅಗಲದ ಸುರುಳಿ ಮಾಡಿ ನೇತುಹಾಕಿಸಿದೆ. ಅಡಿಕೆ ಸೋಗೆ ಬಿದ್ದೋ ಮಂಗ ಜೋತಾಡಿಯೋ ಎಲ್ಲಾದರೂ ತುಂಡಾದರೆ ಎಳೆದು ಬೆಸೆಯಲು ಅಷ್ಟು ಬೇಕು. ಒಳಗೆ ತಿರುವು ಇರುವಲ್ಲೆಲ್ಲ ಕೇಬಲ್ ಬಳುಕಬೇಕೇ ಹೊರತು ಮಡಚಬಾರದು. ಮಡಚಿದ ಕಡೆ ಬೆಳಕು ಸೋರಿಹೋಗುತ್ತದೆ. ಫೈಬರಿನ ತುದಿಯನ್ನು ಕಣ್ಣಿನ ಎದುರು ಹಿಡಿದು ನೋಡುವ ಚಪಲ ಮಕ್ಕಳಿಗೆ ಇರುತ್ತದೆ, ಅದಕ್ಕೆ ಬಿಡಬೇಡಿ. ಒಳಗೆ ಬರುವ ಬೆಳಕು ಕಣ್ಣಿಗೆ ಕಾಣದ್ದು, ಆದರೂ ಅದು ಲೇಸರ್.

ಹೊರಡುವ ಮುಂಚೆ ಹುಡುಗರ ಹತ್ತಿರ ಒಂದು ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ಅವರ ಕೈಯಲ್ಲಿ ಬೆಳಕಿನ ಬಲವನ್ನು ಡಿಬಿಎಂ ಲೆಕ್ಕದಲ್ಲಿ ಅಳೆಯುವ ಪವರ್ ಮೀಟರ್ ಇರುತ್ತದೆ. ನಮ್ಮಲ್ಲಿ ಮೈನಸ್ 21 ಡಿಬಿಎಂ ಬಂತು, ಒಳ್ಳೆಯದು. ಮೈನಸ್ 27ರಿಂದ ಕೆಳಗೆ ಹೋದರೆ ಸಂಪರ್ಕ ತೂರಾಡುತ್ತದೆ. ಈ ಲೆಕ್ಕದಲ್ಲಿ ಮೂರು ಕಡಿಮೆಯಾದರೆ ಬೆಳಕು ಅರ್ಧವಾಯಿತು ಎಂದರ್ಥ. ಇದೇ ಸಂಖ್ಯೆ ಕಂಪನಿ ಕೊಟ್ಟ ಪೆಟ್ಟಿಗೆಯ ಒಳಪುಟದಲ್ಲೂ, ಅಂದರೆ ಬ್ರೌಸರಿನಲ್ಲಿ ತೆರೆಯುವ ಅದರ ಸೆಟ್ಟಿಂಗ್ ಪುಟದಲ್ಲೂ, ಕಾಣುತ್ತದೆ. ನೆಟ್ ನಿಧಾನವಾದಾಗ ಮೊದಲು ಅಲ್ಲಿ ನೋಡಿ. "ಮೊದಲು 21 ಇತ್ತು, ಈಗ 29 ಆಗಿದೆ" ಎಂದು ಫೋನಿನಲ್ಲಿ ಹೇಳಿದರೆ, ಆಫ್ ಮಾಡಿ ಆನ್ ಮಾಡಿ ಎಂಬ ಉಪದೇಶ ಅಲ್ಲಿಗೇ ಮುಗಿಯುತ್ತದೆ.

ಕಂಪನಿಯ ಪೆಟ್ಟಿಗೆಗೆ ಒಎನ್‌ಟಿ ಎನ್ನುತ್ತಾರೆ. ಬೆಳಕನ್ನು ನೆಟ್‌ವರ್ಕ್ ಸಂಕೇತವಾಗಿ ಬದಲಿಸುವುದು ಅದರ ಅಸಲಿ ಕೆಲಸ. ಈಗಿನವುಗಳಲ್ಲಿ ರೌಟರೂ ವೈಫೈಯೂ ಒಳಗೇ ಇರುತ್ತವೆ, ಸಣ್ಣ ಮನೆಗೆ ಅದೇ ಸಾಕು. ನನಗೆ ನನ್ನದೇ ರೌಟರ್ ಬೇಕಿತ್ತು. ಎರಡನ್ನು ಹಾಗೇ ಒಂದರ ಹಿಂದೆ ಒಂದು ಜೋಡಿಸಿದರೆ ಎರಡೂ ಮನೆಯ ಫೋನು, ಕಂಪ್ಯೂಟರುಗಳಿಗೆ ನೆಟ್ ವಿಳಾಸ ಹಂಚಲು ಹೊರಡುತ್ತವೆ. ಎರಡೂ 192.168.1.1 ಎಂದೇ ಕೂತಿದ್ದರಂತೂ ನಿಮ್ಮ ರೌಟರಿನ ಪುಟವೇ ತೆರೆಯದೆ ತಲೆಕೆಡುತ್ತದೆ. ದಾರಿ ಎರಡು. ಒಎನ್‌ಟಿಯನ್ನು ಬ್ರಿಡ್ಜ್ ಮೋಡಿಗೆ (ರೌಟರ್ ಕೆಲಸ ಬಿಟ್ಟು ಬರೀ ಬೆಳಕು ಬದಲಿಸುವಂತೆ) ಹಾಕಿಸಿ ಕಂಪನಿಯ ಜಾಲಕ್ಕೆ ಲಾಗಿನ್ ಆಗುವ ಕೆಲಸವನ್ನು ನಿಮ್ಮ ರೌಟರಿಗೆ ವಹಿಸುವುದು ಒಂದು. ಅದು ಆಗದಿದ್ದರೆ ನಿಮ್ಮ ರೌಟರನ್ನು ಆಕ್ಸೆಸ್ ಪಾಯಿಂಟ್ ಮೋಡಿಗೆ ಹಾಕಿ, ಬರೀ ವೈಫೈ ಬೀರಲು ಬಿಡುವುದು ಇನ್ನೊಂದು. ನಾನು ಮೊದಲನೆಯದನ್ನು ಮಾಡಿಸಿದೆ. ಅದಕ್ಕೆ ಪಿಪಿಪಿಒಇ (ಆ ಲಾಗಿನ್ನಿನ ವಿಧಾನ) ಯೂಸರ್‌ನೇಮ್, ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆ (ಕಂಪನಿಯ ಜಾಲದಲ್ಲಿ ನಿಮ್ಮ ಸಂಪರ್ಕ ಹೋಗುವ ದಾರಿಯ ಗುರುತು) ಈ ಮೂರನ್ನೂ ಕೇಳಿ ಬರೆದುಕೊಳ್ಳಬೇಕು. ಮೂರನೆಯದನ್ನು ಹೇಳುವುದು ಅವರಿಗೆ ಸಾಮಾನ್ಯವಾಗಿ ಮರೆತಿರುತ್ತದೆ, ಅದಿಲ್ಲದೆ ಲಾಗಿನ್ ಆಗುವುದೇ ಇಲ್ಲ. ಎಂಟಿಯು (ಒಂದು ಸಲಕ್ಕೆ ಕಳಿಸುವ ಮಾಹಿತಿ ತುಂಡಿನ ಗಾತ್ರದ ಮಿತಿ) ಎಂಬಲ್ಲಿ 1500 ಇದ್ದರೆ 1492 ಮಾಡಿ, ಪಿಪಿಪಿಒಇ ತನ್ನ ಪಾಲಿಗೆ 8 ಬೈಟ್ ಇಟ್ಟುಕೊಳ್ಳುತ್ತದೆ. ಎಲ್ಲ ಸೈಟೂ ತೆರೆದು ಆಫೀಸಿನ ವಿಪಿಎನ್ ಮಾತ್ರ ಅರ್ಧಕ್ಕೆ ನಿಲ್ಲುತ್ತಿದ್ದರೆ ಅನುಮಾನ ಇದರ ಮೇಲೆಯೇ ಇರಲಿ.

ಇನ್ನು ರೌಟರಿನ ಒಳಪುಟ. ಮೊದಲು ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ವೈಫೈ ಪಾಸ್‌ವರ್ಡ್ ಬೇರೆ, ಇದು ಬೇರೆ, ಇದನ್ನು ಬದಲಿಸದವರೇ ಹೆಚ್ಚು. ಆಮೇಲೆ ಫರ್ಮ್‌ವೇರ್ ಅಪ್‌ಡೇಟ್. ಗುಂಡಿ ಒತ್ತಿಯೋ ಪಿನ್ ಕೊಟ್ಟೋ ವೈಫೈ ಸೇರಿಸುವ ಡಬ್ಲ್ಯುಪಿಎಸ್ ಬಂದ್. ಹೊರಗಿನಿಂದ ಒಳಪುಟ ತೆರೆಯುವ ರಿಮೋಟ್ ಮ್ಯಾನೇಜ್‌ಮೆಂಟ್ ಬಂದ್. ಭದ್ರತೆಗೆ ಡಬ್ಲ್ಯುಪಿಎ3 ಒಂದನ್ನೇ ಇಟ್ಟರೆ ಅಮ್ಮನ ಹಳೆ ಫೋನು ಸೇರುವುದಿಲ್ಲ. ಡಬ್ಲ್ಯುಪಿಎ2 ಮತ್ತು 3 ಎರಡೂ ಸೇರಿದ ಆಯ್ಕೆ ಇರುತ್ತದೆ, ಅದನ್ನೇ ಹಾಕಿ. ಅಡಿಕೆ ವ್ಯಾಪಾರಕ್ಕೆ ಬಂದವರು, ನೆಂಟರ ಮಕ್ಕಳು ಎಲ್ಲರೂ ಪಾಸ್‌ವರ್ಡ್ ಕೇಳುತ್ತಾರೆ. ಇಲ್ಲ ಅನ್ನಲು ಆಗುವುದಿಲ್ಲ. ಅವರಿಗೆ ಗೆಸ್ಟ್ ನೆಟ್‌ವರ್ಕ್ ಮಾಡಿ, ಅದರ ಕ್ಯೂಆರ್ ಕೋಡನ್ನು ಜಗಲಿಯ ಕ್ಯಾಲೆಂಡರ್ ಪಕ್ಕ ಅಂಟಿಸಿದ್ದೇನೆ.

ರೌಟರ್ ವೈಫೈ ಬೀರುವ ತರಂಗಪಟ್ಟಿ ಎರಡು, 2.4 ಮತ್ತು 5 ಗಿಗಾಹರ್ಟ್ಸ್; ಎರಡಕ್ಕೂ ಒಂದೇ ಹೆಸರಿಟ್ಟು ಆಯ್ಕೆಯನ್ನು ಫೋನಿಗೇ ಬಿಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಇಂಥ ಮನೆಗೆ ನಾನು ಒಪ್ಪುವುದಿಲ್ಲ. 5 ವೇಗದ್ದು, ಆದರೆ ಎರಡಡಿ ಗೋಡೆ ದಾಟುವಷ್ಟರಲ್ಲಿ ಸುಸ್ತಾಗುತ್ತದೆ. ಫೋನು ಮಾತ್ರ ಅದನ್ನೇ ಕಚ್ಚಿಹಿಡಿದು ಕೂರುತ್ತದೆ. ಹಾಗಾಗಿ ಹೆಸರು ಬೇರೆ ಬೇರೆ ಮಾಡಿ, ರೌಟರ್ ಇರುವ ಕೋಣೆಗೆ 5, ಉಳಿದ ಕಡೆಗೆ 2.4 ಎಂದು ಇಟ್ಟೆ. 2.4ರಲ್ಲಿ ಚಾನೆಲ್ 1, 6, 11 ಮಾತ್ರ ಒಂದರ ಮೇಲೊಂದು ಬೀಳದಂಥವು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಇವುಗಳಲ್ಲಿ ಖಾಲಿ ಇರುವುದನ್ನು ಹುಡುಕುವುದೇ ಸಾಹಸ. ಇಲ್ಲಿ ಪಕ್ಕದ ಮನೆ ಗುಡ್ಡದ ಆಚೆ, ಯಾವುದಾದರೂ ಸೈ.

ಎಲ್ಲೆಲ್ಲಿ ಎಷ್ಟು ಬರುತ್ತದೆ ಎಂದು ಅಳೆಯಲು ಫೋನಿನ ಗೀಟು ನೋಡಬೇಡಿ. ವೈಫೈ ಅನಲೈಸರ್ ಜಾತಿಯ ಆ್ಯಪ್ ಹಾಕಿಕೊಂಡು ಡಿಬಿಎಂ ನೋಡಿ. ಮೈನಸ್ 50 ಅಂದರೆ ರೌಟರಿನ ಎದುರಿಗೇ ಕೂತ ಹಾಗೆ. ಮೈನಸ್ 67ರವರೆಗೆ ವೀಡಿಯೊ ಕಾಲ್ ನಡೆಯುತ್ತದೆ. 75 ದಾಟಿದರೆ ವಾಟ್ಸ್‌ಆ್ಯಪ್ ಸಂದೇಶ ಹೋಗಬಹುದು, ಅಷ್ಟೇ. ನಡುಮನೆಯಲ್ಲಿ 45 ಇದ್ದದ್ದು ಒಂದು ಮಣ್ಣಿನ ಗೋಡೆ ದಾಟಿ ಜಗಲಿಗೆ ಬಂದಾಗ 62. ಎರಡು ಗೋಡೆ ದಾಟಿದ ಅಡುಗೆಮನೆಯಲ್ಲಿ 78. ಮಳೆಗಾಲದಲ್ಲಿ ಗೋಡೆ ನೀರು ಕುಡಿದ ಮೇಲೆ ಇನ್ನೂ ಕೆಳಗೆ. ನೀರು ಈ ತರಂಗಗಳನ್ನು ಹೀರಿಕೊಳ್ಳುತ್ತದೆ, ಮೈಕ್ರೊವೇವ್ ಒಲೆ ಅನ್ನ ಬಿಸಿ ಮಾಡುವುದೂ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲೇ. ಗೋಡೆಗಿಂತ ದೊಡ್ಡ ಶತ್ರು ಕಬ್ಬಿಣದ ಬೀರು. ರೌಟರಿಗೂ ಮೂಲೆ ಕೋಣೆಗೂ ನಡುವೆ ಇದ್ದ ಬೀರುವನ್ನು ಪಕ್ಕದ ಗೋಡೆಗೆ ಸರಿಸಿದ್ದಕ್ಕೇ ಅಲ್ಲಿ ಆಕ್ಷೇಪಣೆ ನಿಂತಿತು. ರೌಟರ್ ತಲೆಮಟ್ಟಕ್ಕಿಂತ ಮೇಲೆ, ನಾಗಂದಿಗೆಯ ಮೇಲೆ ಕೂತಿದೆ. ಆಂಟೆನಾ ನಾಲ್ಕಿದ್ದರೆ ನಾಲ್ಕು ಪಟ್ಟು ದೂರ ಎಂದು ಅಂಗಡಿಯವರು ಹೇಳಿದರೆ ನಂಬಬೇಡಿ. ಕಡ್ಡಿಗೆ ಕೋಡುಬಳೆ ಪೋಣಿಸಿದ ಹಾಗೆ ಆಂಟೆನಾದ ಸುತ್ತಲೂ ಸಿಗ್ನಲ್ ಹರಡುತ್ತದೆ, ತುದಿಯ ದಿಕ್ಕಿಗೆ ಬಹಳ ಕಡಿಮೆ. ಅದೇ ಅಂತಸ್ತಿನ ಕೋಣೆಗಳಿಗೆ ಬೇಕಾದರೆ ನೆಟ್ಟಗೆ ನಿಲ್ಲಿಸಿ, ಮೆತ್ತಿಗೂ ಬೇಕಾದರೆ ಒಂದನ್ನು ಅಡ್ಡ ಮಲಗಿಸಿ.

ಅಡುಗೆಮನೆಗೆ ಏನು ಮಾಡುವುದು? ಅಗ್ಗದ ರಿಪೀಟರ್ ಇದ್ದ ಸಿಗ್ನಲ್ಲನ್ನೇ ಹಿಡಿದು ಮತ್ತೆ ಕೂಗುತ್ತದೆ. ಹಿಡಿಯುವುದೂ ಕೂಗುವುದೂ ಒಂದೇ ರೇಡಿಯೊ ಆದ್ದರಿಂದ ವೇಗ ಅರ್ಧಕ್ಕೆ ಬೀಳುತ್ತದೆ. ವೈರಿಲ್ಲದ ಮೆಶ್ (ಹಲವು ಪೆಟ್ಟಿಗೆ ಸೇರಿ ಹರಡುವ ಒಂದೇ ವೈಫೈ) ಕೂಡ ಅದೇ ಗೋಡೆ ದಾಟಿಯೇ ಮಾತಾಡಬೇಕು, ಬೆಲೆಯೂ ಜಾಸ್ತಿ. ತಾಮ್ರದ ಲ್ಯಾನ್ ಕೇಬಲ್ ಎಳೆದು ಹಳೆಯ ರೌಟರನ್ನು ಆ ತುದಿಯಲ್ಲಿ ಆಕ್ಸೆಸ್ ಪಾಯಿಂಟ್ ಮಾಡುವುದೇ ನನಗೆ ಸರಿ ಕಂಡಿತು. ಮೆತ್ತಿನ ಮೇಲೆ ಕ್ಯಾಟ್ 6 ಕೇಬಲ್ ಹಾಯಿಸಿ, ತುದಿಗಳನ್ನು ನಾನೇ ಕ್ರಿಂಪ್ ಮಾಡಿದೆ, ಅಂದರೆ ಪ್ಲಗ್ಗಿಗೆ ಒತ್ತಿ ಕೂರಿಸಿದೆ. ಪ್ಲಗ್ಗಿನ ಕ್ಲಿಪ್ಪನ್ನು ಕೆಳಗೆ, ಮೂತಿಯನ್ನು ನಮ್ಮಿಂದ ಆಚೆಗೆ ಮಾಡಿ ಹಿಡಿದರೆ ಎಡದಿಂದ ಬಲಕ್ಕೆ ಕ್ರಮ ಹೀಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡು ತುದಿಯಲ್ಲೂ ಇದೇ ಕ್ರಮ. ಎಳೆಗಳನ್ನು ಬಿಡಿಸಿ, ನೇರ ಮಾಡಿ, ಒಂದೇ ಅಳತೆಗೆ ಕತ್ತರಿಸಿ, ಬೆರಳಲ್ಲಿ ಬಿಗಿಯಾಗಿ ಹಿಡಿದೇ ತೂರಿಸಬೇಕು. ಎಂಟೂ ತಾಮ್ರದ ಚುಕ್ಕೆಗಳು ಪ್ಲಗ್ಗಿನ ಮೂತಿಯಲ್ಲಿ ಹೊಳೆದ ಮೇಲೆಯೇ ಒತ್ತುವುದು. ಹೊರಗಿನ ಸಿಪ್ಪೆಯೂ ಪ್ಲಗ್ಗಿನೊಳಗೆ ಹೋಗಿರಲಿ, ಇಲ್ಲವಾದರೆ ಎಳೆದಾಗ ಕಿತ್ತು ಬರುತ್ತದೆ. ಜೋಡಿಸಿದ ಮೇಲೆ ರೌಟರಿನ ಪುಟದಲ್ಲಿ ಲಿಂಕ್ ಸ್ಪೀಡ್ ನೋಡಿ. 1000 ಬರಬೇಕಾದಲ್ಲಿ 100 ತೋರಿಸಿದರೆ ಎಲ್ಲೋ ಒಂದು ಎಳೆ ತಾಗಿಲ್ಲ. 100ಕ್ಕೆ ಎರಡು ಜೋಡಿ ಸಾಕು, ಗಿಗಾಬಿಟ್ಟಿಗೆ ನಾಲ್ಕು ಜೋಡಿಯೂ ಬೇಕು. ಆ ತುದಿಯ ಹಳೆ ರೌಟರಿನಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿ ಬಂದ್ ಮಾಡಿ, ಅದರ ವಿಳಾಸವನ್ನು 192.168.1.2 ಮಾಡಿ, ವೈರನ್ನು ಹೊರಗಿನ ಸಂಪರ್ಕದ ವ್ಯಾನ್ ತೂತಿಗಲ್ಲ, ಮನೆಯೊಳಗಿನ ಲ್ಯಾನ್ ತೂತಿಗೆ ಚುಚ್ಚಿದರೆ ಆಯಿತು. ಅಡುಗೆಮನೆಯಲ್ಲಿ ಈಗ 48. ಒಲೆಯ ಮುಂದೆಯೇ ಮೊಮ್ಮಗಳ ವೀಡಿಯೊ ಕಾಲ್ ನಡೆಯುತ್ತಿರುವುದರಿಂದ ಸಾರು ಒಂದೆರಡು ಸಲ ಉಕ್ಕಿದ್ದೂ ಉಂಟು.

ಇದೇ ತಾಮ್ರದ ಕೇಬಲನ್ನು ಅಂಗಳ ದಾಟಿಸಿ ಕೊಟ್ಟಿಗೆಗೂ ಎಳೆಯೋಣ ಅಂದರು ಅಪ್ಪಯ್ಯ. ಒಪ್ಪಲಿಲ್ಲ. ಎರಡು ಕಟ್ಟಡಗಳ ನಡುವೆ ಬಯಲಲ್ಲಿ ತಾಮ್ರ ಎಳೆಯುವುದು ಸಿಡಿಲಿಗೆ ದಾರಿ ಮಾಡಿಕೊಟ್ಟಂತೆ. ಒಣಗಲು ಹರವಿದ ಅಡಿಕೆ ನೋಡಿಕೊಳ್ಳಲು ಅಂಗಳದ ಕಡೆ ಒಂದು ಕ್ಯಾಮೆರಾ ಇದೆ. ಅದು ಸೂರಿನ ಅಡಿಯಲ್ಲೇ ಕೂತು ಕಿಟಕಿಯಿಂದ ಬರುವ 2.4 ಹಿಡಿಯುತ್ತದೆ. ಇಂಥ ಅಗ್ಗದ ಕ್ಯಾಮೆರಾಗಳಲ್ಲಿ ಬಹುಪಾಲು 5 ಹಿಡಿಯುವುದೇ ಇಲ್ಲ. ಊರ ಹೊರಗಿನಿಂದ ಅದನ್ನು ನೋಡಲು ರೌಟರಿನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಲು, ಅಂದರೆ ಹೊರಗಿನಿಂದ ಕ್ಯಾಮೆರಾಕ್ಕೆ ಬಾಗಿಲು ತೆರೆಯಲು, ಹೊರಡುವ ಮುನ್ನ ಕಂಪನಿ ರೌಟರಿಗೆ ಕೊಟ್ಟ ವ್ಯಾನ್ ವಿಳಾಸ ನೋಡಿ. ಅದು 100.64ರಿಂದ 100.127ರ ಒಳಗೆ ಇದ್ದರೆ ಕಂಪನಿ ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದೆ ಎಂದರ್ಥ. ಆಗ ನೀವು ಎಷ್ಟು ಪೋರ್ಟ್ ತೆರೆದರೂ ಹೊರಗಿನಿಂದ ಬಾಗಿಲು ಕಾಣುವುದಿಲ್ಲ. ಕ್ಯಾಮೆರಾದ ಸ್ವಂತ ಆ್ಯಪ್ ಬಳಸುವುದೇ ಸುಲಭ.

ನಮ್ಮಂಥ ಮನೆಗಳಿಗೆ ವೈಫೈಯಿಂದ ಆದ ದೊಡ್ಡ ಉಪಕಾರ ಇಂಟರ್‌ನೆಟ್ಟೂ ಅಲ್ಲ, ಮಾಮೂಲಿ ಫೋನು. ಫೋನಿನ ಸೆಟ್ಟಿಂಗಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿದರೆ ಟವರಿನ ಸಿಗ್ನಲ್ ಇಲ್ಲದ ನಡುಮನೆಯಲ್ಲೂ ಅದೇ ನಂಬರಿಗೆ ಕರೆ ಬರುತ್ತದೆ, ಬ್ಯಾಂಕಿನ ಒಟಿಪಿಯೂ ಬರುತ್ತದೆ.

ಹಾಗಾಗಿ ಕರೆಂಟು ಹೋದಾಗ ವೈಫೈ ಹೋಗಬಾರದು. ರೌಟರ್, ಒಎನ್‌ಟಿ ಎರಡೂ ಸೇರಿ ತಿನ್ನುವುದು ಒಂದು ಎಲ್‌ಇಡಿ ಬಲ್ಬಿನಷ್ಟು. ಅದಕ್ಕಾಗಿ ಇನ್ವರ್ಟರ್ ಬೇಕಿಲ್ಲ, ರೌಟರಿಗೆಂದೇ ಸಿಗುವ 12 ವೋಲ್ಟಿನ ಮಿನಿ ಯುಪಿಎಸ್ ಸಾಕು. ಕೊಳ್ಳುವ ಮುಂಚೆ ಎರಡೂ ಅಡಾಪ್ಟರಿನ ಬೆನ್ನು ಓದಿ. ವೋಲ್ಟು ಒಂದೇ ಇರಬೇಕು, ಆಂಪಿಯರ್ ಎರಡರ ಮೊತ್ತಕ್ಕೆ ಸಾಲಬೇಕು. ಕೆಲವು ರೌಟರುಗಳು 9 ವೋಲ್ಟಿನವು, ಅವಕ್ಕೆ 12 ಕೊಟ್ಟರೆ ಸುಟ್ಟಾವು. ನಮ್ಮಲ್ಲಿ ಒಂದಕ್ಕೆ ಎರಡು ಹೊರದಾರಿ ಇರುವ ವೈರು ಹಾಕಿ ಎರಡನ್ನೂ ಒಂದೇ ಯುಪಿಎಸ್ಸಿಗೆ ಕೊಟ್ಟಿದ್ದೇನೆ, ಮೂರ್ನಾಲ್ಕು ಗಂಟೆ ಬರುತ್ತದೆ. ಆದರೆ ಗುಡುಗು ಶುರುವಾದ ಕೂಡಲೇ ಯುಪಿಎಸ್ಸಿನ ಪ್ಲಗ್ಗನ್ನು ಗೋಡೆಯಿಂದ ಕಿತ್ತಿಡುವುದು ಮನೆಯ ನಿಯಮ. ಸ್ವಿಚ್ ಆಫ್ ಮಾಡಿದರೆ ಸಾಲದು. ಅಡುಗೆಮನೆಯ ಹಳೆ ರೌಟರು ಯುಪಿಎಸ್ ಮೇಲಿಲ್ಲ, ಅದರ ಅಡಾಪ್ಟರನ್ನೂ ಕಿತ್ತು ಅದಕ್ಕೆ ಹೋಗುವ ಲ್ಯಾನ್ ವೈರನ್ನೂ ಬಿಡಿಸುತ್ತೇವೆ. ಬ್ಯಾಟರಿ ಇರುವುದರಿಂದ ನಡುಮನೆಯ ವೈಫೈ ಆಗಲೂ ನಡೆಯುತ್ತಲೇ ಇರುತ್ತದೆ.

ನಾನು ಊರಲ್ಲಿ ಇಲ್ಲದಾಗ ಅಪ್ಪಯ್ಯನಿಗೆ ಬೇಕಾದದ್ದನ್ನು ಒಂದು ರಟ್ಟಿನ ಮೇಲೆ ಬರೆದು ಒಎನ್‌ಟಿ ಪಕ್ಕ ನೇತುಹಾಕಿದ್ದೇನೆ. ದೀಪವೇ ಇಲ್ಲ: ಪ್ಲಗ್, ಯುಪಿಎಸ್ ನೋಡು. ಕೆಂಪು ದೀಪ: ಕೇಬಲ್ ತುಂಡಾಗಿದೆ, ರೌಟರ್ ಮುಟ್ಟಬೇಡ, ದೂರು ಕೊಡು, ಕಂಬದವರೆಗೆ ಹೋಗಿ ಸೋಗೆ ಬಿದ್ದಿದೆಯೇ ನೋಡು. ಪಾನ್ (ಫೈಬರ್ ಸಂಪರ್ಕದ) ದೀಪ ಹಸಿರು ಮಿಣುಕುತ್ತಲೇ ಇದೆ: ಬೆಳಕು ಸಾಲದಿರಬಹುದು, ಸಂಖ್ಯೆ ನೋಡಿ ದೂರು ಕೊಡು. ಹಸಿರು ಸ್ಥಿರ ಇದೆ, ನೆಟ್ ಇಲ್ಲ: ರೌಟರನ್ನು ಒಮ್ಮೆ ಆಫ್ ಮಾಡಿ ಆನ್ ಮಾಡು, ಆಗಲೂ ಬರದಿದ್ದರೆ ತೊಂದರೆ ಕಂಪನಿಯ ಕಡೆಯದು, ಕಾಯಬೇಕು.